ಬಟ್ಟೆಯ ಸೊಂಡಿಲು

ದುಬಾರೆಗೆ ಬಂದ ಮೊದಲ ಬೆಳಗ್ಗೆ ನಮ್ಮ ಗುಡಿಸಲ ಕಿಂಡಿಯೊಳಗೆ ಒಂದು ಸೊಂಡಿಲು ಇಳಿದು, ಒಲೆಯ ಪಕ್ಕದ ಬಾಳೆಹಣ್ಣನ್ನು ಮೆಲ್ಲಗೆ ತಡವಿ ಎತ್ತಿಕೊಂಡು ಹೋಯಿತು. ನನ್ನ ಹೆಂಡತಿ ನಿಂಗಿ ಕಿರುಚಲೂ ಮರೆತು ಬಾಯಿ ತೆರೆದು ನಿಂತಳು. ನಾನೂ ಅಷ್ಟೆ. ನಮ್ಮ ನಾಗಮಂಗಲದ ಕಡೆ ಆನೆ ಎಂದರೆ ಅಪ್ಪ ಕೆತ್ತಿದ ಸೂತ್ರದ ಗೊಂಬೆ. ಅದರ ಸೊಂಡಿಲು ಗಟ್ಟಿ ಮರದ್ದು, ಏಳುತ್ತಿತ್ತು, ಇಳಿಯುತ್ತಿತ್ತು. ಜನ ಅದಕ್ಕೇ ಕೈಮುಗಿಯುತ್ತಿದ್ದರು.

ಊರಲ್ಲಿ ನಮ್ಮ ಗೊಂಬೆಯಾಟದ ಮೇಳ ಮುರಿದ ಮೇಲೆ, ಬಿಳಿ ದೊರೆಗಳ ಮರದ ಡಿಪೋದಲ್ಲಿ ಕಾವಲಿದ್ದ ನಿಂಗಿಯ ಅಣ್ಣನನ್ನು ನಂಬಿ ಬಂದಿದ್ದೆವು. ಗುಡಿಸಲು ಹಾಡಿಯದು; ಕಾಡಂಚಿನ ಮಾವುತರ ಕೇರಿಗೆ ಇಲ್ಲಿ ಹಾಡಿ ಎನ್ನುತ್ತಾರೆ. ಹಿರಿಯ ಮಾವುತ ಕಾಳಣ್ಣ ಮೊದಲೇ ಹೇಳಿದ್ದ: "ನಿಮ್ಮ ಆಟ ಹಾಡಿಗೆ ಒಪ್ಪಿಗೆಯಾದ್ರೆ ಇರಿ. ಇಲ್ಲಾಂದ್ರೆ ಮಳೆಗೆ ಮುಂಚೆ ಹೊರಡಿ." ನಿಂಗಿ ತುಂಬು ಬಸುರಿ. ಹೊರಟು ಹೋಗುವುದಾದರೂ ಎಲ್ಲಿಗೆ?

ಮೊದಲ ಆಟದಲ್ಲಿ ನನ್ನ ಆನೆ ಬಂದೊಡನೆ ಹಾಡಿಗೆ ಹಾಡಿಯೇ ನಕ್ಕಿತು.

"ಎಂಥ ಆನೆ ಮಾರಾಯ ಇದು? ಮೂತಿಗೆ ಒನಕೆ ಕಟ್ಟಿದಂಗೆ ಉಂಟಲ್ಲ" ಎಂದ ಕಾಳಣ್ಣ.

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಕೈಕೆಲಸಕ್ಕೆ ನಗುವುದೆ? "ಇನ್ನೊಂದು ಆಟ ನೋಡಿ, ಆಮೇಲೆ ಹೇಳಿ" ಎಂದುಬಿಟ್ಟೆ.

ದಿನವೂ ಹೊಳೆಯ ದಡದಲ್ಲಿ ಕೂತು ಆನೆ ಮೀಯುವುದನ್ನು ನೋಡಿದೆ. ಕೊನೆಗೆ ಧೈರ್ಯ ಮಾಡಿ ಕಾಳಣ್ಣನ ಆನೆಯ ಸೊಂಡಿಲ ಮೇಲೆ ಅಂಗೈ ಇಟ್ಟೆ. ಅಬ್ಬಾ, ಆ ಜೀವದ ಓಟವನ್ನು ಏನೆಂದು ಹೇಳಲಿ. ಬುಡದಲ್ಲಿ ಎದ್ದ ಅಲೆಯೊಂದು ನನ್ನ ಅಂಗೈ ಕೆಳಗೆ ಹಾದು ಇಳಿಯಿತು. ಅದು ತುದಿ ಮುಟ್ಟುವಷ್ಟರಲ್ಲಿ ಬುಡ ಆಗಲೇ ಬೇರೆ ಕಡೆ ಹೊರಳಿತ್ತು. ನಾವೋ, ತಲೆಮಾರುಗಳಿಂದ ತುದಿಗೇ ದಾರ ಕಟ್ಟಿ ಎಳೆದವರು. ಎಳೆಯಬೇಕಾದ್ದು ಬುಡವನ್ನು. ತುದಿ ತನ್ನ ಪಾಡಿಗೆ ತಡವಾಗಿ ಬರಬೇಕು.

ಅಪ್ಪ ಕೆತ್ತಿದ ಸೊಂಡಿಲನ್ನು ಗರಗಸದಲ್ಲಿ ಕೊಯ್ದೆ. ನಿಂಗಿ ಮುಖ ತಿರುಗಿಸಿ ಕೂತಿದ್ದಳು. ಆಮೇಲೆ ತಾನೇ ಹಳೆ ಸೀರೆ ಹರಿದು, ಬೆತ್ತದ ಬಳೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಹೊಲಿದುಕೊಟ್ಟಳು.

ಎರಡನೆಯ ಆಟದಲ್ಲಿ ಬುಡದ ದಾರ ಎಳೆದು ಕೈ ಸಡಿಲ ಬಿಟ್ಟೆ. ಹಳೆ ಸೀರೆಗೆ ಜೀವ ಬಂತು. ಯಾರೂ ನಗಲಿಲ್ಲ. ಕಾಳಣ್ಣ ಎದ್ದು ಬಂದು, ತನ್ನ ಆನೆಯನ್ನು ಮಾತಾಡಿಸುವ ದನಿಯಲ್ಲಿ ಗೊಂಬೆಗೆ "ಮೆಲ್ಲ ಮಗಾ, ಮೆಲ್ಲ" ಎಂದ. ನಾವು ಅಲ್ಲೇ ಉಳಿದೆವು. ಮಗಳು ಮಳೆಗಾಲದಲ್ಲಿ ಹುಟ್ಟಿದಳು.

ಮಗುವನ್ನು ತೋರಿಸಲು ನಾಗಮಂಗಲಕ್ಕೆ ಹೋದಾಗ ಗೊಂಬೆಯನ್ನೂ ಒಯ್ದೆ. ಅಪ್ಪ ಬೈಯುತ್ತಾನೆಂದು ಹೆದರಿದ್ದೆ. ಅವನು ದಾರ ಹಿಡಿದು, ಸೊಂಡಿಲು ಸುತ್ತಿಕೊಂಡು ಬಿಚ್ಚಿಕೊಳ್ಳುವುದನ್ನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿತ್ತು.

"ಚೆನ್ನಾಗದೆ ಕಣಪ್ಪ" ಎಂದು ಗೊಂಬೆಯನ್ನು ನನ್ನ ಕೈಗೆ ಕೊಟ್ಟ. "ನಿಮ್ಮೂರಲ್ಲಿ ಆನೆ ಹಿಂಗಿರ್ತವಾ?"

ನಮ್ಮೂರು ಇದೇ ಅಲ್ವಾ ಎನ್ನಬೇಕೆಂದಿದ್ದೆ. "ಹೂಂ ಅಪ್ಪಾ, ಹಿಂಗೇ" ಎಂದೆ.