ನೀಲಿ ಟೇಪು ಅಂಟಿಸುತ್ತಿದ್ದವರು

ಕಳೆದ ತಿಂಗಳು ಮಗಳು ಹೊಸ ಗೇಮ್ ಡಿಸ್ಕಿನ ಡಬ್ಬಿಯನ್ನು ತೆರೆದಾಗ ಬಂದ ವಾಸನೆ... ಬಿಸಿ ಪ್ಲಾಸ್ಟಿಕ್ಕು ಮತ್ತು ಮುದ್ರಣದ ಶಾಯಿ ಸೇರಿದ ವಾಸನೆ. ಗಲ್ಫಿನ ರಿಫಾದಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಅದು ಒಂದು ಗಳಿಗೆ ನಿಂತು ಹೋಯಿತು.

"ಅಮ್ಮಾ, ಇದು ಚೈನಾದವರು ಮಾಡಿದ್ದು. ಫುಲ್ ಸ್ಟೋರಿ. ಎಂಡಿಂಗ್ ಇದೆ," ಎಂದಳು ಮಗಳು.

ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಇಂಥದ್ದೊಂದು ಬಂದೇ ಬರುತ್ತದೆ ಎಂದು ಇದೇ ವಾಸನೆಯ ನಡುವೆ ಕುಳಿತು ಒಬ್ಬರು ಹೇಳಿದ್ದರು. ಅವರನ್ನೇ ಚೈನಾ ಕಂಡರೆ ಆಗದವರೆಂದು ಅಂಗಡಿಯಿಂದ ತೆಗೆದುಹಾಕಿದರು.

ಆ ಅಂಗಡಿ ಸನದ್‌ನಲ್ಲಿತ್ತು. ಎಡಕ್ಕೆ ಲಾಂಡ್ರಿ, ಬಲಕ್ಕೆ ಕೋಲ್ಡ್ ಸ್ಟೋರ್ ಎಂದು ಕರೆಯುವ ದಿನಸಿ ಅಂಗಡಿ, ನಡುವೆ ಇವರ ಇಕ್ಕಟ್ಟಾದ ಗೇಮ್ ಅಂಗಡಿ. ಮಾಲೀಕರು ಬೇರೆ, ಅಲ್ಲಿ ಕೂರುತ್ತಿದ್ದವರು ಇವರು. ಸುರತ್ಕಲ್ ಕಡೆಯವರು. ನಾನು ದಾವಣಗೆರೆಯವಳೆಂದು ತಿಳಿದ ದಿನವೇ, "ಓ, ಘಟ್ಟದ ಮೇಲಿನವ್ರಾ? ಹಾಗಾದ್ರೆ ನಿಮ್ಗೆ ನಮ್ಮ ಕನ್ನಡ ಅರ್ಥ ಆಗ್ಲಿಕ್ಕೆ ಟೈಮ್ ಉಂಟು," ಎಂದು ನಕ್ಕಿದ್ದರು. ಅಂದಿನಿಂದ ನಾನು ಅವರಿಗೆ ಅಕ್ಕ, ಅವರು ನನಗೆ ಅಣ್ಣ. ಹಿದ್‌ನಲ್ಲಿ ಆಫೀಸು ಮುಗಿಸಿ ಬರುವಾಗ ಆಗಿನ್ನೂ ಪುಟ್ಟವಳಾಗಿದ್ದ ಮಗಳಿಗೆ ಆಟ ಕೊಳ್ಳಲೆಂದು ಅಲ್ಲಿ ಕಾರು ನಿಲ್ಲಿಸುವುದು ರೂಢಿಯಾಗಿತ್ತು.

ಅವರು ಮಾರುತ್ತಿದ್ದದ್ದು ಹೆಚ್ಚಾಗಿ ಜಪಾನಿನ ಆಟಗಳು, ಜನ ಆಡಿ ಮರಳಿಸಿದ ಹಳೆಯ ಡಿಸ್ಕುಗಳು. ಅವರದೊಂದು ಪದ್ಧತಿ ಇತ್ತು. ಯಾವ ಡಿಸ್ಕನ್ನೂ ಪೂರ್ತಿ ಆಡಿ ಮುಗಿಸದೆ ಕಪಾಟಿನಲ್ಲಿ ಇಡುತ್ತಿರಲಿಲ್ಲ. ಮುಗಿಸಿದ ಮೇಲೆ ಡಬ್ಬಿಯ ಮೂಲೆಗೆ ನೀಲಿ ಟೇಪಿನ ತುಂಡೊಂದನ್ನು ಅಂಟಿಸುತ್ತಿದ್ದರು. ಕೆಲವು ಆಟಗಳಿಗೆ ವಾರಗಟ್ಟಲೆ ಬೇಕಾಗುತ್ತಿತ್ತು.

"ಗೆರೆ ಬಿದ್ದ ಡಿಸ್ಕು ಸುರುವಿಗೆ ಚಂದ ಓಡ್ತದೆ ಅಕ್ಕಾ, ಕೈ ಕೊಡುದು ಕೊನೆಗೇ. ಕೊನೆ ರೀಲು ಉಂಟಾ ಅಂತ ನೋಡದೆ ಟಾಕೀಸಿನವ ಟಿಕೆಟು ಕೊಡ್ತಾನಾ?"

ಆಟ ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಪರದೆಯ ಮೇಲೆ ಹರಿಯುತ್ತವಲ್ಲ, ಅವನ್ನೂ ಕೊನೆಯವರೆಗೆ ನೋಡುತ್ತಿದ್ದರು. ಒಂದೂ ಓದಲು ಬಾರದು. ಆದರೂ ಎದ್ದು ಹೋಗುತ್ತಿರಲಿಲ್ಲ...

ಶುಕ್ರವಾರ ಸಂಜೆ ಅಲ್ಲಿಗೆ ಒಬ್ಬ ಮ್ಯಾನೇಜರ್ ಬರುತ್ತಿದ್ದ. ಬೆಂಗಳೂರಿನವನು, ಐಟಿ ಕಂಪನಿಯಲ್ಲಿ ದೊಡ್ಡ ಹುದ್ದೆ, ಅಂಗಡಿಯ ಮಾಲೀಕರಿಗೆ ಸ್ನೇಹಿತ. ಕೌಂಟರಿಗೆ ಮೊಣಕೈ ಊರಿ ಭವಿಷ್ಯ ಹೇಳುವುದೆಂದರೆ ಅವನಿಗೆ ಬಲು ಪ್ರೀತಿ.

"ಗುರು, ಜಪಾನ್ ಕಥೆ ಮುಗೀತು. ಇನ್ನೇನಿದ್ರೂ ಚೈನಾ. ಎಲ್ಲಾ ಫೋನಲ್ಲೇ, ಎಲ್ಲಾ ಫ್ರೀ. ಈ ಡಬ್ಬಿಗಳನ್ನ ಮ್ಯೂಸಿಯಮ್ಮಿಗೆ ಕೊಡಿ."

"ಚೈನಾದ್ದು ನೀವು ಯಾವುದು ಆಡಿದ್ರಿ ಸಾರ್?"

"ಆಡೋದ್ಯಾಕ್ರೀ? ಡೇಟಾ ನೋಡಿದ್ರೆ ಸಾಕು."

ಅಣ್ಣ ಜಪಾನಿನ ಪರ ವಾದಿಸುತ್ತಾರೆಂದು ಎಲ್ಲರೂ ಕಾದರು. ಅವರು ಹಾಗೆ ಮಾಡಲಿಲ್ಲ. "ಚಿತ್ರ ಬಿಡಿಸುವ ಕೈ ಚೈನಾದವ್ರ ಹತ್ರ ಉಂಟು ಸಾರ್. ಮ್ಯೂಸಿಕ್ ಉಂಟು. ಜಪಾನಿನವ್ರು ಹೆದರ್ಲೇಬೇಕು. ಆದ್ರೆ ಕಥೆಗೊಂದು ಸರಿಯಾದ ಕೊನೆ ಇಡ್ಲಿಕ್ಕೆ ಅವ್ರನ್ನು ಯಾರೂ ಬಿಡುದಿಲ್ಲ, ದುಡ್ಡು ಹಾಕಿದವ್ರು ಎಳಿಲಿಕ್ಕೆ ಹೇಳ್ತಾರೆ. ಬಿಟ್ಟ ದಿನ ನೋಡಿ, ಮತ್ತೆ ಹಿಡಿಲಿಕ್ಕಾಗುದಿಲ್ಲ."

ಮ್ಯಾನೇಜರ್ ಕೇಳಿಸಿಕೊಳ್ಳಲಿಲ್ಲ. ಅವನ ಮಾತು ಕೇಳಿ ಮಾಲೀಕರು ಕಾರ್ಡುಗಳ ಕಟ್ಟು ತರಿಸಿದರು. ಚೈನಾದ ಒಂದು ಫೋನ್ ಆಟ. ಆಡಲು ಬಿಟ್ಟಿ, ಆದರೆ ಅದರೊಳಗಿನ ಕತ್ತಿ, ಕುದುರೆ, ಉಡುಪು ಬೇಕೆಂದರೆ ಈ ಕಾರ್ಡು ಕೊಳ್ಳಬೇಕು. ಅಣ್ಣ ಕಟ್ಟನ್ನು ಡ್ರಾಯರಿನಲ್ಲಿಟ್ಟು ತಮ್ಮ ಪದ್ಧತಿಯನ್ನೇ ಹೇಳಿದರು: ಮೊದಲು ಆಡಿ ಮುಗಿಸುತ್ತೇನೆ, ಆಮೇಲೆ ಮಾರಾಟಕ್ಕೆ ಇಡುತ್ತೇನೆ.

ಆ ಆಟಕ್ಕೆ ಕೊನೆಯೇ ಇರಲಿಲ್ಲ. ಎಷ್ಟೇ ಎಳೆದರೂ ಒಂದು ದಿನ ಮುಗಿಸುತ್ತಾರೆಂದೇ ಅವರು ನಂಬಿದ್ದರು.

ಬಿಸಿಲು ಹೋಗಿ ಚಳಿ ಬಂತು. ಹೋದಾಗಲೆಲ್ಲ ಫೋನಿನ ಮೇಲೆ ಬಾಗಿ ಕುಳಿತಿರುತ್ತಿದ್ದರು. "ಅಣ್ಣಾ, ಮುಗೀತಾ?" ಎಂದರೆ ತಲೆ ಎತ್ತಿ ನಗುತ್ತಿದ್ದರು.

"ಎಂತ ಮುಗಿಯುದು ಮಾರಾಯ್ರೆ! ರಾಣಿಯನ್ನು ಬಿಡಿಸಿ ತಂದೆ. ಈಗ ಅವಳ ತಂಗಿ ಕಾಣೆ ಅಂತೆ. ಮುಂದಿನ ಭಾಗ ಬರುವ ತಿಂಗಳು. ಟೀವಿ ಧಾರಾವಾಹಿಯವ್ರು ಇವ್ರ ಕಾಲಿಗೆ ಬೀಳ್ಬೇಕು."

ಅದು ಮುಗಿಯುವುದೇ ಇಲ್ಲವಂತೆ ಎಂದು ನಾನು ಹೇಳಿದೆ. ಅವರು ನಂಬಲಿಲ್ಲ. "ಕೊನೆ ಇಲ್ಲದ ಕಥೆ ಯಾರಾದ್ರೂ ಸುರು ಮಾಡ್ತಾರಾ ಅಕ್ಕಾ?"

ರಂಜಾನ್ ಹತ್ತಿರ ಬಂದಿತ್ತು. ಒಂದು ಸಂಜೆ ಮಾಲೀಕರು ಮ್ಯಾನೇಜರನ ಜೊತೆ ಅಂಗಡಿಗೆ ಬಂದರು. ನಾನು ಅಲ್ಲೇ ಇದ್ದೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ಡ್ರಾಯರು ಎಳೆದವನು ಮ್ಯಾನೇಜರ್. ಕಾರ್ಡಿನ ಕಟ್ಟು ಬಿಚ್ಚಿರಲಿಲ್ಲ. ಏಕೆ ಮಾರಿಲ್ಲ ಎಂದು ಮಾಲೀಕರು ಕೇಳಿದರು. ಅಣ್ಣ ನಿಂತುಕೊಂಡು, ಎರಡೂ ಕೈಯಲ್ಲಿ ಫೋನು ಹಿಡಿದು, "ಸಾಬ್, ಗೇಮ್ ಅಭೀ ಖತಮ್ ನಹೀಂ ಹುವಾ," ಎಂದು ಆಟ ಇನ್ನೂ ಮುಗಿದಿಲ್ಲವೆಂಬುದನ್ನು ಹಿಂದಿಯಲ್ಲಿ ಹೇಳಿದರು.

ಮ್ಯಾನೇಜರ್ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗು ಇಂದಿಗೂ ನನ್ನ ಕಿವಿಯಲ್ಲಿದೆ. ನಗು ನಿಂತ ಮೇಲೆ, "ಬೇಕಂತಲೇ ಮಾಡ್ತಿದ್ದಾನೆ. ಇವನಿಗೆ ಚೈನಾ ಕಂಡ್ರೆ ಆಗಲ್ಲ," ಎಂದು ಮಾಲೀಕರಿಗೆ ಇಂಗ್ಲಿಷಿನಲ್ಲಿ ಹೇಳಿದ. ಅದು ಸುಳ್ಳು, ಚೈನಾದವರ ಕೈಯನ್ನು ಇವರಷ್ಟು ಹೊಗಳಿದವರನ್ನು ನಾನು ನೋಡಿಲ್ಲ ಎಂದೆ. "ಮೇಡಂ, ಇದು ಬಿಸಿನೆಸ್. ಸೆಂಟಿಮೆಂಟ್ ಬೇಡ," ಎಂದ.

ಈದ್‌ಗೆ ಮೊದಲೇ ಮಾಲೀಕರು ಅವರ ಕೆಲಸದ ವೀಸಾ ರದ್ದು ಮಾಡಿಸಿದರು. ಅಣ್ಣ ಊರಿಗೆ ಹೋದರು. ಜಪಾನಿನ ಡಿಸ್ಕುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಲಾಂಡ್ರಿಯ ಹಿಂದಿನ ಕಸದ ತೊಟ್ಟಿಯ ಬಳಿ ಇಟ್ಟಿದ್ದರು. ನಾನು ನೋಡುವ ಹೊತ್ತಿಗೆ ಡಬ್ಬಿಗಳು ಬಿಸಿಲಿಗೆ ಸೊಟ್ಟಗಾಗಿದ್ದವು. ನೀಲಿ ಟೇಪು ಮಾತ್ರ ಬಿಟ್ಟಿರಲಿಲ್ಲ...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಲಾಂಡ್ರಿಯವನಿಂದ ತಿಳಿಯಿತು. ಅವರ ಹೆಂಡತಿಗೆ ಫೋನ್ ಮಾಡಿದೆ. ಎದೆನೋವು ಎಂದರು. "ಆ ಆಟ ಇಲ್ಲಿಗೆ ಬಂದ ಮೇಲೂ ಬಿಡ್ಲಿಲ್ಲ ಅಕ್ಕಾ," ಎಂದರು. "ಮುಗಿಸಿ ಅಂಗಡಿಗೆ ಫೋನ್ ಮಾಡಿ ಹೇಳ್ತೇನೆ ಅಂತಿದ್ರು. ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಆಟವೇ ಇಲ್ಲ. ಕಂಪನಿಯವ್ರು ಬಂದ್ ಮಾಡಿದ್ದಂತೆ. ಆ ರಾಣಿಯ ತಂಗಿ ಸಿಕ್ಕಿದ್ಲಾ ಇಲ್ವಾ ಅಂತ ಕಡೆಗೂ ಗೊತ್ತಾಗ್ಲಿಲ್ಲ ಅಂತ ಅವತ್ತು ಊಟ ಬಿಟ್ರು."

ಮುಗಿಯದ ಆಟವನ್ನು ಹೀಗೆ ಮುಗಿಸುತ್ತಾರೆ. ಕಥೆಯ ನಡುವೆ ದೀಪ ಆರಿಸಿ ಹೊರಟುಬಿಡುತ್ತಾರೆ. ಇದು ಚೈನಾದವರ ಸ್ವತ್ತೇನಲ್ಲ. ಈಗ ಜಪಾನಿನವರೂ ಫೋನಿಗೆ ಕೊನೆಯಿಲ್ಲದ ಆಟಗಳನ್ನು ಮಾಡುತ್ತಾರೆ, ಅವರೂ ಹೀಗೆಯೇ ಬಂದ್ ಮಾಡುತ್ತಾರೆ. ಇತ್ತ ಚೈನಾದವರು ಕೊನೆಯಿರುವ ಕಥೆಯನ್ನು ಡಿಸ್ಕಿನಲ್ಲಿ ಹಾಕಿ ಜಪಾನಿನವರ ಎದುರಿಗೆ ತಂದಿಟ್ಟಿದ್ದಾರೆ. ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ. ಯಾರಿಗೆ ಮೊದಲು ಕಂಡಿತ್ತು ಎಂಬುದು ಗೊತ್ತು.

ಮೊನ್ನೆ ಇಲ್ಲಿನ ಕನ್ನಡಿಗರ ಒಂದು ಕೂಟದಲ್ಲಿ ಅದೇ ಮ್ಯಾನೇಜರ್ ಮಕ್ಕಳಿಗೆ ಗೇಮಿಂಗಿನ ಭವಿಷ್ಯದ ಬಗ್ಗೆ ಭಾಷಣ ಮಾಡಿದ. ಹಿಂದಿನ ಪರದೆಯಲ್ಲಿ ನನ್ನ ಮಗಳು ಕೊಂಡ ಅದೇ ಆಟದ ಚಿತ್ರ. "ಸನದ್‌ನ ಒಂದು ಅಂಗಡಿಯಲ್ಲಿ ನಿಂತು ನಾನು ಆಗಲೇ ಹೇಳಿದ್ದೆ," ಎಂದ. ಚಪ್ಪಾಳೆ ಬಿತ್ತು. ಊಟದ ಸಾಲಿನಲ್ಲಿ ಅವನ ಮುಂದೆ ಹೋಗಿ ನಿಂತೆ.

"ಆ ಆಟ ಮುಗಿಸಿದ್ರಾ?"

"ಅಯ್ಯೋ, ನಂಗೆಲ್ಲಿ ಟೈಮು ಮೇಡಂ? ನಾನು ಗೇಮ್ ಆಡಲ್ಲ," ಎಂದು ನಕ್ಕು ಪಾಯಸ ಹಾಕಿಸಿಕೊಂಡ. ಅದೇ ನಗು. ಅಣ್ಣ ಸತ್ತರು ಎಂದೆ. "ಯಾವ ಅಣ್ಣ?" ಎಂದ.

ಈ ಶುಕ್ರವಾರ ಮಧ್ಯಾಹ್ನ ಮಗಳು ಆಟ ಮುಗಿಸಿದಳು. ಪರದೆಯ ಮೇಲೆ ಚೀನೀ ಹೆಸರುಗಳು ಮೇಲೇರತೊಡಗಿದವು. ಅವಳು ಸ್ಕಿಪ್ ಒತ್ತಲು ಹೋದಳು, ಬೇಡ ಎಂದೆ. ದನಿ ಜೋರಾಗಿತ್ತೇನೋ, ಅವಳು ತಿರುಗಿ ನೋಡಿದಳು. ಒಂದೂ ಓದಲು ಬಾರದ ಆ ಹೆಸರುಗಳನ್ನು ಇಬ್ಬರೂ ಕೊನೆಯವರೆಗೆ ನೋಡಿದೆವು. ಕೊನೆ ಇಡಲು ಇವರನ್ನು ಯಾರೋ ಬಿಟ್ಟಿದ್ದರು...

ಆಮೇಲೆ ಡಬ್ಬಿಯನ್ನು ಕೈಗೆತ್ತಿಕೊಂಡೆ. ಮೂಲೆ ಖಾಲಿಯಾಗಿತ್ತು. ಮನೆಯಲ್ಲಿ ನೀಲಿ ಟೇಪು ಇರಲಿಲ್ಲ. ಇದ್ದಿದ್ದರೂ ಅದನ್ನು ಅಂಟಿಸುವ ಕೈ ನನ್ನದಲ್ಲ.