ದಸರೆಯ ದಿನ ಶುರುವಾದ ಯಂತ್ರ

ಕೊರೊನಾ ಹೋಗಿ ಮುಂಬಯಿಯ ಲೋಕಲ್‌ಗಳಲ್ಲಿ ಮತ್ತೆ ಉಸಿರುಗಟ್ಟುವ ಗರ್ದಿ ಶುರುವಾದ ಎರಡನೆಯ ವರ್ಷ. ನಾನು ಯಾವ ಕಚೇರಿಗೂ ಸೇರದವಳು. ವಡಾಲದ ಮನೆಯ ಊಟದ ಮೇಜಿನ ಮುಂದೆಯೇ ಕೂತು ಚೆಕ್ ಭಾಷೆಗೂ ಚೆಕ್‌ನಿಂದಲೂ ಅನುವಾದ ಮಾಡುತ್ತಿದ್ದೆ. ಚೆಕ್ ಅಂದ ಕೂಡಲೇ ‘ಬ್ಯಾಂಕಿನದಾ?’ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಮೂವತ್ತು ವರ್ಷ ಕಳೆದಿತ್ತು. ಪ್ರಾಗ್ ಎಂಬ ಊರಿರುವ ದೇಶದ ಭಾಷೆ, ಮಾರಾಯ್ರೆ! ವಿದ್ಯಾರ್ಥಿವೇತನ ಸಿಕ್ಕಿತೆಂದು ಹೋಗಿ ಕಲಿತು ಬಂದಿದ್ದೆ. ಉಡುಪಿ ಕಡೆಯಿಂದ ಬಂದು ದಾದರಿನ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಪ್ಪನಿಗೆ ಅದು ಯಾಕೆ ಬೇಕಿತ್ತೆಂದು ಕೊನೆಯವರೆಗೂ ಅರ್ಥವಾಗಲಿಲ್ಲ. ಆ ವರ್ಷ ನನಗೂ ಅರ್ಥವಾಗುತ್ತಿರಲಿಲ್ಲ. ಕಣ್ಣು ಉರಿ, ಕುತ್ತಿಗೆ ನೋವು, ಬರುವುದೆಲ್ಲ ಯಂತ್ರದ ಕಾಗದ.

ಯಂತ್ರದ ಕಾಗದಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವುದು ಶುರು ಮಾಡುವ ಮಾತು. ನಮಗೆ ‘ಶುರು’ ಒಂದಿದ್ದರೆ ಸಾಕು. ಅಂಗಡಿಯೂ ಶುರು, ಮಳೆಯೂ ಶುರು, ಅತ್ತೆ ಸೊಸೆ ಜಗಳವೂ ಶುರು. ಚೆಕ್‌ನವರು ಅಷ್ಟಕ್ಕೆ ಬಿಡುವುದಿಲ್ಲ. ಕೆಲಸಕ್ಕೆ ಕೈಹಚ್ಚಿದರೆ ‘ಜಾಚೀತ್’, ಸಮಾರಂಭವನ್ನು ವಿಧ್ಯುಕ್ತವಾಗಿ ಆರಂಭಿಸಿದರೆ ‘ಜಹಾಯಿತ್’, ಗುಂಡಿ ಒತ್ತಿ ಯಂತ್ರ ಓಡಿಸಿದರೆ ‘ಸ್ಪುಸ್ತಿತ್’. ಹೊಸ ಯಂತ್ರವನ್ನು ಪರೀಕ್ಷಿಸಿ ಕೆಲಸಕ್ಕೆ ಇಳಿಸಿದರೆ ‘ಉವೇಸ್ತ್ ದೊ ಪ್ರೊವೊಜು’. ಈ ಕೊನೆಯದು ಕರಾರಿನ ಮಾತು. ಯಂತ್ರ ಕೆಟ್ಟರೆ ಹೊಣೆ ಯಾರದು ಎಂಬುದು ಆ ದಿನಾಂಕದ ಮೇಲೆ ನಿಂತಿರುತ್ತದೆ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು, ಆದರೂ ತಪ್ಪಿದೆ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಗೆ ಚೆಕ್ ದೇಶದಿಂದ ಕಬ್ಬಿಣ ಕೊರೆಯುವ ದೊಡ್ಡ ಯಂತ್ರ ಬಂದಿತ್ತು. ಅದರ ಪ್ರಾಣವೆಲ್ಲ ಸ್ಪಿಂಡಲ್‌ನಲ್ಲಿ, ಅಂದರೆ ಗರಗರ ತಿರುಗುವ ನಡುವಿನ ದಂಡದಲ್ಲಿ. ಹಡಗಿನಲ್ಲಿ ತುಕ್ಕು ಹಿಡಿಯದಿರಲೆಂದು ಒಳಗೆಲ್ಲ ದಪ್ಪ ಗ್ರೀಸ್ ತುಂಬಿರುತ್ತಾರೆ. ಕಂಪನಿಯ ಎಂಜಿನಿಯರ್ ಬಂದು ಅದನ್ನು ತೊಳೆದು ಎಣ್ಣೆ ಹಾಕಬೇಕು. ಅದಕ್ಕೆ ಮೊದಲು ಅರ್ಧ ಗಂಟೆ ತಿರುಗಿಸಿದರೂ ದಂಡವನ್ನು ಹಿಡಿದಿಡುವ ಬೇರಿಂಗ್ ಹಾಳು. ಎಂಜಿನಿಯರ್ ಬರುವುದು ದೀಪಾವಳಿಯ ನಂತರ ಎಂದು ತಿಳಿಸಿದ್ದರು. ಕಾರ್ಖಾನೆಯ ಮಾಲೀಕ ಸೇಠ್‌ಜಿ ಕೇಳಬೇಕಲ್ಲ! ದಸರೆಗೇ ಮುಹೂರ್ತ ಇಟ್ಟರು.

ಕೈಪಿಡಿ ಅನುವಾದಿಸಿದವಳೆಂದು ನನ್ನನ್ನೂ ಕರೆದಿದ್ದರು. ಬೀಗರು, ಬ್ಯಾಂಕಿನವರು, ಅಕ್ಕಪಕ್ಕದ ಕಾರ್ಖಾನೆಯವರು ತುಂಬಿದ್ದರು. ಭಟ್ಟರು ಮಂತ್ರ ಹೇಳಿದರು, ತೆಂಗಿನಕಾಯಿ ಒಡೆಯಿತು, ಸೇಠ್ ಹಸಿರು ಗುಂಡಿ ಒತ್ತಿದರು. ದೀಪ ಹತ್ತಿತು, ಎಲ್ಲೋ ಗುಂಯ್ ಎಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದು, ಎರಡು ಪೇಡಾ ತಿಂದು ಮನೆಗೆ ಬಂದೆ.

ದೀಪಾವಳಿ ಕಳೆದು ಎಂಜಿನಿಯರ್ ಬಂದಾಗ ದುಭಾಷಿಯಾಗಿ ಹೋದವಳೂ ನಾನೇ. ಅವನು ತೊಳೆದು, ಪರೀಕ್ಷಿಸಿ, ಯಂತ್ರ ಓಡಿಸಿ ಕೊಟ್ಟು ಹೋದ. ಮೂರೇ ವಾರ. ಬೇರಿಂಗ್ ಸುಟ್ಟುಹೋಯಿತು.

ವಾರಂಟಿ ಕೇಳಿದಾಗ ಕಂಪನಿಯವರು ಯಂತ್ರದ ಲಾಗ್‌ಬುಕ್, ಅಂದರೆ ದಿನಚರಿ, ಚೆಕ್ ಭಾಷೆಯಲ್ಲಿ ಬೇಕೆಂದರು. ನಲವತ್ತು ಪುಟ. ಮೊದಲ ಸಾಲನ್ನು ಸೇಠ್ ಅವರೇ ಸ್ವಂತ ಕೈಯಿಂದ ಬರೆದಿದ್ದರು: ವಿಜಯದಶಮಿ, ಶುಭ ಮುಹೂರ್ತದಲ್ಲಿ ಮಷೀನ್ ಚಾಲೂ. ಮಧ್ಯಾಹ್ನದ ಸೆಕೆ, ಸಾಕಪ್ಪಾ ಸಾಕು ಅನ್ನಿಸುವ ಹೊತ್ತು. ಹಳೆಯ ಕಡತದಿಂದ ಸಿದ್ಧ ವಾಕ್ಯವನ್ನು ಎತ್ತಿ ಹಾಕಿದೆ: ದಸರೆಯ ದಿನಾಂಕ, ‘ಉವೇಸ್ತ್ ದೊ ಪ್ರೊವೊಜು’. ಪೇಡಾ ತಿಂದ ಬಾಯಿ ನನ್ನದೇ, ಆದರೂ ತಲೆಗೆ ಹೊಳೆಯಲಿಲ್ಲ.

ಉತ್ತರ ಎರಡೇ ಸಾಲು. ಎಂಜಿನಿಯರ್ ಬರುವ ಮೊದಲೇ ಯಂತ್ರವನ್ನು ಕೆಲಸಕ್ಕೆ ಇಳಿಸಿದ್ದೀರಿ, ವಾರಂಟಿ ಇಲ್ಲ.

ಕಾರ್ಖಾನೆಗೆ ಹೋಗಿ ಅದನ್ನು ಓದಿ ಹೇಳಿದೆ. ಸೇಠ್ ಫೋರ್‌ಮನ್ ನಬೀಸಾಬರ ಮೇಲೆ ಹಾರಿಬಿದ್ದರು. ನಬೀಸಾಬರು ವಿಜಯಪುರದ ಕಡೆಯವರು, ಐವತ್ತಾರು ವರ್ಷ, ಅದರಲ್ಲಿ ಇಪ್ಪತ್ತೆರಡು ಆ ಕಾರ್ಖಾನೆಯಲ್ಲೇ ಸವೆದಿತ್ತು. “ನಾನು ಮುಹೂರ್ತಕ್ಕೆ ಒಂದು ನಿಮಿಷ ಓಡಿಸಿದೆ. ಆಮೇಲೆ ಕದ್ದು ಓಡಿಸಿದವನು ನೀನು. ಶನಿವಾರ ನಿನ್ನ ಕೊನೆಯ ದಿನ!” ಎಂದು ನನ್ನೆದುರೇ ಕೂಗಿದರು. ನಬೀಸಾಬರು ತಲೆ ತಗ್ಗಿಸಿ ನಿಂತರು.

ಸ್ಟೇಷನ್ನಿಗೆ ನಡೆಯುವಾಗ ಅವರು ನನ್ನ ಜೊತೆ ಬಂದರು. ನಾನು ಸಿಟ್ಟಿನಿಂದಲೇ ಕೇಳಿದೆ, “ಎಂತ ನಬೀಸಾಬರೇ, ಬಾಯಿ ಇಲ್ವಾ ನಿಮಗೆ?”

“ಏನಂತ ಹೇಳ್ಲಿ ಅಕ್ಕಾರ? ಅವತ್ತ ಸ್ಪಿಂಡಲ್ ತಿರುಗೇ ಇಲ್ರಿ. ಮೇನ್ ಮೋಟಾರಿಂದು ಸ್ವಿಚ್ ನಾನs ತೆಗೆದಿಟ್ಟಿದ್ದೆ. ಸೇಠ್ ಒತ್ತಿದ್ರು, ತಂಪು ಮಾಡೋ ನೀರಿನ ಪಂಪ್ ಅಷ್ಟ ಗುಂಯ್ ಅಂತು.”

“ಹೇಳಬಾರದಾ ಅವರಿಗೆ?”

“ಬೀಗರ ಮುಂದ, ಬ್ಯಾಂಕಿನವರ ಮುಂದ ಮುಹೂರ್ತ ಆಗೇತಿ. ಅದು ಸುಳ್ಳಂದ್ರ ಅವರ ಮಾನ ಏನಾಗಬೇಕು? ಮಷೀನ್ ಕೆಡಿಸಿದಿ ಅಂತ ತೆಗೀತಾರ, ಇಲ್ಲಾ ಮೋಸ ಮಾಡಿದಿ ಅಂತ ತೆಗೀತಾರ. ಈ ವಯಸ್ಸಿನ್ಯಾಗ ನನ್ನ ಯಾರ್ ತಗೋತಾರ್ರೀ?”

ದಾದರಿನವರೆಗೆ ಲೇಡೀಸ್ ಡಬ್ಬಿಯಲ್ಲಿ ನಿಂತೇ ಬಂದೆ. ಮುಹೂರ್ತದ ಶುರು ಶುರುವಲ್ಲ ಎಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಬಣ್ಣ ಹೊಡೆಯದ ಅಂಗಡಿಗೂ ಪೂಜೆ ಮಾಡಿ ಬಾಗಿಲು ಹಾಕಿ ಹೋಗುತ್ತೇವೆ. ಚೆಕ್‌ನವರಿಗೆ ಅದು ತಿಳಿಯದು. ತಿಳಿಸಲಿಕ್ಕೆಂದೇ ನಾನಿದ್ದದ್ದು. ಮೊಬೈಲ್ ತೆಗೆದು ಆ ಫೋಟೊ ನೋಡಿದೆ. ಸೇಠ್ ಅವರ ಬೆರಳು ಗುಂಡಿಯ ಮೇಲಿದೆ, ಹಸಿರು ದೀಪ ಹತ್ತಿದೆ. ಸ್ಪಿಂಡಲ್‌ಗೆ ಮೂರು ಸುತ್ತು ಸುತ್ತಿದ ಚೆಂಡುಹೂವಿನ ಹಾರ ಯಂತ್ರದ ಮೈಗೂ ಬಿಗಿದು ಕಟ್ಟಿಕೊಂಡಿದೆ. ತಿರುಗಿದ್ದರೆ ಹೂವೆಲ್ಲ ಬೀಗರ ಮುಖಕ್ಕೆ ಚೆಲ್ಲಬೇಕಿತ್ತು. ಎಂಜಿನಿಯರ್ ಬಂದ ದಿನ ನಾನು ಹೊಡೆದಿದ್ದ ಫೋಟೊದಲ್ಲೂ ಅದೇ ಹಾರ, ಒಣಗಿ ಕಂದಾಗಿ, ಅದೇ ಗಂಟು! ಇದೇನೆಂದು ಅವನು ಕೇಳಿದಾಗ ‘ಅಲಂಕಾರ’ ಎಂದು ನಾನೇ ಹೇಳಿದ್ದೆ. ಕತ್ತರಿ ತಂದು ಅವನೇ ಕತ್ತರಿಸಿದ್ದ.

ಮರುದಿನ ಬೆಳಿಗ್ಗೆ ಚೆಕ್‌ನಲ್ಲಿ ಪತ್ರ ಬರೆದೆ. ಮೂವತ್ತು ವರ್ಷದಲ್ಲಿ ನನ್ನ ತಪ್ಪನ್ನು ನಾನೇ ಬರೆದುಕೊಟ್ಟದ್ದು ಅದೊಂದೇ ಸಲ. ದಸರೆಯಂದು ನಡೆದದ್ದು ವಿಧ್ಯುಕ್ತ ಆರಂಭ, ‘ಜಹಾಯಿತ್’ ಮಾತ್ರ. ಯಂತ್ರ ಕೆಲಸಕ್ಕೆ ಇಳಿದದ್ದು ನಿಮ್ಮ ಎಂಜಿನಿಯರ್ ಕೈಯಿಂದಲೇ. ತಪ್ಪು ಲಾಗ್‌ಬುಕ್ಕಿನದಲ್ಲ, ಅನುವಾದಕಿಯದು. ಹಾರದ ಬಗ್ಗೆ ನಿಮ್ಮವನನ್ನೇ ಕೇಳಿ. ಕಳಿಸುವ ಮೊದಲು ಕಾಂದಿವಲಿಗೆ ಹೋಗಿ ಸೇಠ್ ಮುಂದೆ ಎರಡೂ ಫೋಟೊ ಇಟ್ಟೆ.

ಅವರು ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಕಿವಿಯೆಲ್ಲ ಕೆಂಪಾಯಿತು. “ಅಂದರೆ ನಾನು ಅವತ್ತು ಶುರು ಮಾಡಿದ್ದು?”

“ಪಂಪ್, ಸೇಠ್‌ಜಿ.”

ನಬೀಸಾಬರನ್ನು ಕರೆಸಿದರು. “ಹಾರ ಅಲ್ಲಿ ಕಟ್ಟಿದವರು ಯಾರು?” ಎಂದು ಹಿಂದಿಯಲ್ಲಿ ಕೇಳಿದರು.

“ನಾನೇ. ಹಾರ ಕಟ್ಟಿದ ಮೇಲೆ ದೇವರಾಯಿತಲ್ಲ. ನೀವಾಗಲಿ ಕೆಲಸಗಾರರಾಗಲಿ ಅದನ್ನು ಕಿತ್ತು ಓಡಿಸಲಿಕ್ಕಿಲ್ಲ ಅಂದುಕೊಂಡೆ. ಬೀಗ ಹಾಕಿದ್ದರೆ ನೀವು ಒಡೆಸುತ್ತಿದ್ದಿರಿ.”

ಸೇಠ್ ಫೋಟೊವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮೊಬೈಲನ್ನು ನನ್ನ ಕಡೆ ತಳ್ಳಿ, “ಕಳಿಸಿ. ಬೀಗರಿಗೆ ಮಾತ್ರ ಕಳಿಸಬೇಡಿ,” ಎಂದರು. ನಬೀಸಾಬರ ಕಡೆ ನೋಡದೆಯೇ, “ಶನಿವಾರದ ಮಾತು ಬಿಡು, ಹೋಗಿ ಕೆಲಸ ನೋಡು,” ಎಂದರು.

ಹತ್ತು ದಿನದ ಮೇಲೆ ಕಂಪನಿಯವರು ಒಪ್ಪಿದರು. ಎಂಜಿನಿಯರ್‌ಗೆ ಹಾರ ಚೆನ್ನಾಗಿ ನೆನಪಿತ್ತಂತೆ. ಹೊಸ ಬೇರಿಂಗ್ ಬಂತು. ಜೊತೆಗೆ ನನಗೂ ಒಂದು ಪತ್ರ ಬಂತು: ಇನ್ನು ಮುಂದೆ ನಮ್ಮ ಕಾಗದಗಳಿಗೆ ಬೇರೆ ಅನುವಾದಕರನ್ನು ನೋಡಿಕೊಳ್ಳುತ್ತೇವೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ? ಎರಡು ದಿನ ಅನ್ನ ಸೇರಲಿಲ್ಲ. ಆದರೆ ಅವರದು ಅನ್ಯಾಯ ಎನ್ನುವಂತಿಲ್ಲ.

ಈಗ ಕೆಲಸ ಕಡಿಮೆ ಮಾಡಿದ್ದೇನೆ. ಆದರೂ ಯಾವ ಕಾಗದದಲ್ಲಾದರೂ ‘ಶುರುವಾಯಿತು’ ಎಂದು ಕಂಡರೆ ನಿಘಂಟು ತೆಗೆಯುವ ಮೊದಲು ಫೋನ್ ಮಾಡುತ್ತೇನೆ. ಅವತ್ತು ನಿಜವಾಗಿ ತಿರುಗಿದ್ದು ಏನು, ಪಕ್ಕದಲ್ಲಿ ನಿಂತವರು ಯಾರು ಎಂದು ಕೇಳುತ್ತೇನೆ. ಮುದುಕಿಗೆ ಅರುಳುಮರುಳು ಎಂದುಕೊಳ್ಳುವವರು ಅಂದುಕೊಳ್ಳಲಿ.

ಕಳೆದ ದಸರೆಯಲ್ಲಿ ನಬೀಸಾಬರ ಫೋನ್ ಬಂತು. ಕಾರ್ಖಾನೆಗೆ ಇನ್ನೊಂದು ಹೊಸ ಯಂತ್ರ ಬಂದಿತ್ತು.

“ಅಕ್ಕಾರ, ಪೂಜಿಗೆ ಬರ್ರಿ. ಎಂಜಿನಿಯರ್ ಮೊನ್ನೆನs ಬಂದು ತೊಳೆದು ಹೋಗ್ಯಾರ. ಸೇಠ್ ಮುಹೂರ್ತ ಕೇಳೂಕಿಂತ ಮೊದಲ ನನ್ನ ಕೇಳಿದ್ರು.”

“ಹಾರ?”

“ಈ ಸಲ ಬಾಗಿಲಿಗೆ ಕಟ್ಟೀನ್ರಿ.”