ಗೋಡೆಯಡಿಯ ಬಂಡಿದಾರಿ

ಹುಣಸೆಮರ ದಾರಿಯ ಬಲಕ್ಕಿತ್ತೋ ಎಡಕ್ಕಿತ್ತೋ, ಈಗ ಹೇಳಲಾರೆ. ಹುಣಸೆಯೋ ಹೊಂಗೆಯೋ ಎನ್ನುವುದೂ ಅನುಮಾನ. ಬರೆಯುವ ಚಟ ಇರುವವರ ನೆನಪನ್ನು ಪೂರ್ತಿ ನಂಬಬಾರದು. ನನ್ನದನ್ನಂತೂ ನಾನೇ ನಂಬುವುದಿಲ್ಲ. ಆದರೆ ಅಲ್ಲೊಂದು ಬಂಡಿದಾರಿ ಇತ್ತು.

ಶಿರಾಳಕೊಪ್ಪದ ಹೊರಗೆ, ಶಿಕಾರಿಪುರಕ್ಕೆ ಹೋಗುವ ಹೆದ್ದಾರಿಗೆ ಅಂಟಿಕೊಂಡು ನಮ್ಮ ಲೇಔಟ್ ಇದೆ. ಹೆಸರು ಇಂಗ್ಲಿಷಿನದು, ಅರ್ಥ ಹಸಿರು ಕಣಿವೆ. ಕಣಿವೆ ಇಲ್ಲ. ಹಸಿರು ಕಾಂಪೌಂಡಿನ ಬಣ್ಣದಲ್ಲಿದೆ. ಮೊದಲು ಅದು ಚಿಕ್ಕಪ್ಪನ ಗದ್ದೆ. ಮಾರಿದ ಮೇಲೆ ಮೂಲೆಯ ಸೈಟು ಉಳಿಸಿಕೊಂಡು ಮನೆ ಕಟ್ಟಿಸಿದ, ನಿವಾಸಿಗಳ ಸಂಘಕ್ಕೆ ಅಧ್ಯಕ್ಷನೂ ಆದ. ಸಂಘದ ಘನಕಾರ್ಯ ಎರಡು: ಹೆದ್ದಾರಿಯ ಕಡೆಗೆ ಸಿಮೆಂಟಿನ ಆನೆಗಳಿರುವ ಕಮಾನು, ಹಿಂದುಗಡೆ ಆಳೆತ್ತರದ ಗೋಡೆ. ಲಾರಿಯವರಿಗೆ ಸ್ವಾಗತ, ನೆರೆಯವರಿಗೆ ಬೆನ್ನು. ನಾನೂ ಇಲ್ಲೇ ಬಾಡಿಗೆಗಿದ್ದೇನೆ, ಅದನ್ನು ಮರೆತು ಬರೆಯುತ್ತಿಲ್ಲ.

ಗೋಡೆಯಾಚೆ ಏಳೆಂಟು ಮನೆಗಳ ಕೇರಿ. ಲೇಔಟಿಗೆಲ್ಲ ಹಾಲು ಹಾಕುವ ಹೆಂಗಸು ಅಲ್ಲಿಂದ ಬಂಡಿದಾರಿಯಲ್ಲಿ ನೇರ ಬರುತ್ತಿದ್ದಳು. ಗೋಡೆ ಎದ್ದ ಮೇಲೆ ಎರಡು ಕ್ಯಾನು ಹಿಡಿದು ಹೆದ್ದಾರಿಯ ಅಂಚಿನಲ್ಲಿ ಸುತ್ತಿ ಬರುತ್ತಾಳೆ. ಒಮ್ಮೆ ಲಾರಿಯೊಂದು ಒಂದು ಕ್ಯಾನನ್ನು ಸವರಿಕೊಂಡೇ ಹೋಯಿತು. ಮರುದಿನವೇ ಅವಳು ದಾರಿ ಬಿಡಿಸಿಕೊಡಿ ಎಂದು ತಾಲೂಕು ಕಚೇರಿಗೆ ಅರ್ಜಿ ಕೊಟ್ಟಳು. ನಕಾಶೆಯಲ್ಲಿ ದಾರಿ ಕಾಣಲಿಲ್ಲ. ಹಳಬರ ಹೇಳಿಕೆ ಬರೆದುಕೊಳ್ಳಲು ಅಧಿಕಾರಿಯೊಬ್ಬರು ಸ್ಥಳ ಮಹಜರಿಗೆ ಬಂದರು.

“ಎಲ್ಲಿ ದಾರೀರೀ? ಬರೇ ಬದು ಅದು,” ಎಂದ ಚಿಕ್ಕಪ್ಪ. “ಕುರಿ ಓಡಾಡಿದ್ದೆಲ್ಲ ದಾರಿ ಆಗ್ತದೇನು?”

“ಹೌದ್ರಿ ಗೌಡ್ರೇ, ಕುರಿನೇ ನಾವು,” ಎಂದಳು ಅವಳು. “ಬೆಳಿಗ್ಗೆ ನಿಮ್ಮನೆ ಚಾಕ್ಕೆ ಹಾಲು ತರಾಕೂ ಕುರಿನೇ ಬೇಕಲ್ಲ!”

ಸಂಘದವರು ಕೆಮ್ಮಿದರು. ಒಬ್ಬರು ಗೋಡೆ ಸೆಕ್ಯುರಿಟಿಗೆ ಎಂದರು. ನಮ್ಮ ಲೇಔಟಿನಲ್ಲಿ ಕದಿಯುವಂಥದ್ದು ಏನಿದೆಯೋ, ಆ ಆನೆಗಳ ಹೊರತು.

ಅಧಿಕಾರಿ ನನ್ನ ಕಡೆ ತಿರುಗಿದರು. “ಮೇಡಂ, ನೀವು ಇದೇ ಮನೆತನದವರಂತೆ. ನಿಮಗೇನಾದ್ರೂ ನೆನಪಿದೆಯಾ?”

ಹುಣಸೆಯೋ, ಹೊಂಗೆಯೋ, ಬಲಕ್ಕೋ, ಎಡಕ್ಕೋ. “ಸರಿಯಾಗಿ ನೆನಪಿಲ್ಲ,” ಎಂದೆ. ವಿಶ್ವವಿದ್ಯಾಲಯ ನನಗೆ ಅನುಮಾನಿಸುವುದನ್ನು ಕಲಿಸಿತ್ತು. ಆ ದಿನ ಅದು ಗೋಡೆಗೆ ಇನ್ನೊಂದು ಇಟ್ಟಿಗೆಯಾಯಿತು. ಅವಳು ನನ್ನನ್ನು ನೋಡಲಿಲ್ಲ; ಮರುದಿನವೂ ಹಾಲು ಹಾಕಿ ಹೋದಳು. ಅರ್ಜಿ ವಜಾ ಆಯಿತು.

ಆಮೇಲೆ ಭೂಮಿ ಹುಣ್ಣಿಮೆ ಬಂತು. ತೆನೆ ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಬಸುರಿಯ ಬಯಕೆಯ ಅಡುಗೆಯನ್ನು ಚಿತ್ತಾರ ಬರೆದ ಬುಟ್ಟಿಯಲ್ಲಿ ನಸುಕಿಗೇ ಹೊತ್ತೊಯ್ದು ಬಡಿಸುವ ಹಬ್ಬ. ಲೇಔಟಿನವರಿಗೆ ಗದ್ದೆಯಿಲ್ಲ, ಹಬ್ಬ ಬೇಕು. ಪಾರ್ಕಿನ ಹುಲ್ಲಿಗೆ ಬಡಿಸಿದರು! ಒಂದು ಬಸಳೆ ಬಳ್ಳಿಯೂ ಬೆಳೆಯದ ಆ ಹುಲ್ಲಿನ ಸುತ್ತ ಚಿಕ್ಕಪ್ಪ ಪೇಂಟಿನಲ್ಲಿ ಚಿತ್ತಾರ ಬರೆಸಿದ ಬುಟ್ಟಿ ಹೊತ್ತು ಮೂರು ಸುತ್ತು ನಡೆದ. ಮೊದಲ ಸುತ್ತಿನ ಫೋಟೊ ಸರಿ ಬಂದಿರಲಿಲ್ಲವಂತೆ, ನಾಲ್ಕನೆಯದನ್ನೂ ನಡೆದ.

ಬುಟ್ಟಿ ಹೊತ್ತ ಅವನ ಬೆನ್ನನ್ನು ಕಂಡಾಗ ನನ್ನ ಕಾಲಿಗೆ ತಣ್ಣನೆಯ ಕೆಸರು ತಾಗಿದಂತಾಯಿತು. ಚಿಕ್ಕಂದಿನಲ್ಲಿ, ಇದೇ ಹಬ್ಬದ ನಸುಕಿನಲ್ಲಿ, ಅದೇ ಬೆನ್ನಿನ ಹಿಂದೆ ಬ್ಯಾಟರಿ ಹಿಡಿದು ನಾನು ನಡೆದಿದ್ದೆ. ಎರಡು ಕಡೆ ಗಾಲಿಯ ಗುಂಡಿಯಲ್ಲಿ ನೀರು, ನಡುವೆ ಹುಲ್ಲಿನ ದಿಬ್ಬ. “ನಡುವೆ ಕಾಲಿಡು ಮಗಾ, ಜಾರ್ತೀಯ,” ಎಂದಿದ್ದ. ಬದುವಿನ ಮೇಲೆ ಗಾಲಿಯ ಗುಂಡಿ ಇರುವುದಿಲ್ಲ.

ಸಂಜೆ ಅವನ ಮನೆಗೆ ಹೋದೆ. ಬುಟ್ಟಿಯನ್ನು ನಡುಮನೆಯ ಗೋಡೆಗೆ ನೇತುಹಾಕಲು ಮೊಳೆ ಹೊಡೆಯುತ್ತಿದ್ದ. ಈ ಸಲ ಮರದ ಅನುಮಾನ ನನ್ನನ್ನು ತಡೆಯಲಿಲ್ಲ. ಕೇಳಿದ್ದು ಒಂದೇ ಮಾತು; ಅವನು ಸುತ್ತಿಗೆ ಕೆಳಗಿಟ್ಟ, ಗೋಡೆ ಮಾತ್ರ ಬೀಳಲಿಲ್ಲ. ಇದನ್ನು ಬರೆಯುತ್ತಿರುವ ಇವತ್ತೂ ಹಾಲಿನವಳು ಹೆದ್ದಾರಿಯಲ್ಲೇ ಬಂದಳು.

“ಚಿಕ್ಕಪ್ಪ, ದಾರಿನೇ ಇರಲಿಲ್ಲ ಅಂದ್ರೆ, ಬುಟ್ಟಿ ಹೊತ್ಕೊಂಡು ನಾವಿಬ್ರೂ ಗದ್ದೆಗೆ ಎಲ್ಲಿಂದ ಹೋಗ್ತಿದ್ವಿ?”